ದೋಷ ಮೊದಲು, ಅಲಂಕಾರ ಆಮೇಲೆ

ಗುಣವನ್ನು ಎಣಿಸಿ ಹೇಳುವವರಿಗೆ ಈ ಕಾಲದಲ್ಲಿ ಬರವಿಲ್ಲ. ಪದಾರ್ಥ ಯಾವುದೇ ಇರಲಿ, ಅದನ್ನು ಮಾರುವವನೇ ಅದರ ಮೊದಲ ವಿಮರ್ಶಕನಾಗಿ ನಿಲ್ಲುತ್ತಾನೆ. ಅವನ ಮಾತನ್ನೇ ಸ್ವಲ್ಪ ತಿರುಗಿಸಿ ಹೇಳುವ ಹತ್ತು ಮಂದಿ ಅವನ ಹಿಂದೆ ಇರುತ್ತಾರೆ. ಟ್ಯಾಬ್ಲೆಟ್ ಎಂಬ ಹೆಸರಿನ ಕಂಪ್ಯೂಟರು ಹಲಗೆಗಳ ವಿಷಯದಲ್ಲಿ ಈ ಬಗೆಯ ವಿಮರ್ಶೆ ಒಂದು ಸಾಹಿತ್ಯಪ್ರಕಾರವೇ ಆಗಿ ಬೆಳೆದಿದೆ. ಕೆಲವು ವಾರಗಳಿಂದ ನಾನು ಅದನ್ನು ಶ್ರದ್ಧೆಯಿಂದ ಓದುತ್ತಿದ್ದೇನೆ. ಅದಕ್ಕೆ ತನ್ನದೇ ಆದ ಕಟ್ಟುಪಾಡುಗಳಿವೆ: ಮೊದಲು ಪೆಟ್ಟಿಗೆ ಬಿಚ್ಚುವ ವರ್ಣನೆ, ಆಮೇಲೆ ಮೈಬಣ್ಣದ ವರ್ಣನೆ, ಆಮೇಲೆ ಅಂಕಿಗಳ ಪಟ್ಟಿ, ಕೊನೆಯಲ್ಲಿ ಐದಕ್ಕೆ ನಾಲ್ಕೂವರೆ ನಕ್ಷತ್ರ. ಅಷ್ಟಾದಶ ವರ್ಣನೆಗಳಿಗೆ ಗಂಟುಬಿದ್ದರೆಂದು ನಮ್ಮ ಹಿಂದಿನ ಕವಿಗಳನ್ನು ಕುರಿತು ನಗುವವರು ಇದನ್ನೊಮ್ಮೆ ಓದಬೇಕು.

ನಾನು ಇದನ್ನು ಓದತೊಡಗಿದ್ದಕ್ಕೆ ಕಾರಣವುಂಟು. ನಾನಿರುವುದು ಕೊಡಗಿನ ಹಾರಂಗಿ ಅಣೆಕಟ್ಟಿನ ಆಸುಪಾಸಿನಲ್ಲಿ. ಕಾಲೇಜಿನಲ್ಲಿ ಪಾಠ ಹೇಳುವುದು ಕನ್ನಡ. ನನ್ನ ತರಗತಿಗೆ ಬರುವ ಮಕ್ಕಳಲ್ಲಿ ಅನೇಕರ ಮನೆಯಲ್ಲಿ ಶುಂಠಿ, ಜೋಳ, ಅಲ್ಪಸ್ವಲ್ಪ ಕಾಫಿ. ಒಳ್ಳೆಯ ಬೆಲೆ ಬಂದ ವರ್ಷ ಒಂದಿಷ್ಟು ದುಡ್ಡು ಕೈಯಲ್ಲಿ ನಿಲ್ಲುತ್ತದೆ. ಅಂಥ ಮನೆಯ ಹುಡುಗಿಯೊಬ್ಬಳು, ಎಂ.ಎ.ಗೆ ಕನ್ನಡವನ್ನೇ ಆರಿಸಿಕೊಂಡವಳು, “ಸಾರ್, ಅಪ್ಪ ಒಂದು ಟ್ಯಾಬು ಕೊಡಿಸುತ್ತೇನೆ ಅಂದಿದ್ದಾರೆ. ಕೊಡಿಸುವುದು ಒಂದೇ ಸಲ. ಯಾವುದನ್ನು ತೆಗೆದುಕೊಳ್ಳಲಿ?” ಎಂದು ಕೇಳಿದಳು. ಒಂದೇ ಸಲ ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ವರ್ಷಕ್ಕೊಂದನ್ನು ಕೊಂಡು ಹಳೆಯದನ್ನು ತಮ್ಮನಿಗೆ ಕೊಡುವವರಿಗಾಗಿ ಬರೆದ ವಿಮರ್ಶೆ ಇವಳಿಗೆ ಒದಗುವುದಿಲ್ಲ. ಇವಳು ಅದರಲ್ಲಿ ಏನನ್ನು ಓದುತ್ತಾಳೆ ಎಂಬ ಪ್ರಶ್ನೆಯನ್ನು, ನಾನು ಓದಿದ ಮಟ್ಟಿಗೆ, ಆ ವಿಮರ್ಶಕರಲ್ಲಿ ಒಬ್ಬರೂ ಎತ್ತಿರಲಿಲ್ಲ.

ನಮ್ಮಲ್ಲಿ ವಿಮರ್ಶೆಯ ಕ್ರಮವೊಂದು ಹಿಂದಿನಿಂದಲೂ ಇದೆ. ಕನ್ನಡದಲ್ಲಿ ಉಪಲಬ್ಧವಾಗಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’, ಒಂಬತ್ತನೆಯ ಶತಮಾನದ್ದು. ಅದರಲ್ಲಿ ಮೂರು ಪರಿಚ್ಛೇದಗಳಿವೆ. ಎರಡನೆಯದು ಶಬ್ದಾಲಂಕಾರಕ್ಕೆ, ಮೂರನೆಯದು ಅರ್ಥಾಲಂಕಾರಕ್ಕೆ ಮೀಸಲು. ಮೊದಲನೆಯ ಪರಿಚ್ಛೇದದ ಹೆಸರು ‘ದೋಷಾದೋಷಾನುವರ್ಣನ ನಿರ್ಣಯ’. ಯಾವುದು ದೋಷ, ಯಾವುದು ಅಲ್ಲ ಎಂಬುದು ಮೊದಲು ತೀರ್ಮಾನವಾಗಲಿ, ಒಡವೆಯ ಮಾತು ಅನಂತರ ಎಂಬುದು ಈ ಜೋಡಣೆಯಲ್ಲಿಯೇ ಅಡಗಿರುವ ವಿವೇಕ. ಟ್ಯಾಬ್ಲೆಟ್ಟಿನ ಅಂಗಡಿಯಲ್ಲಿ ಈ ಕ್ರಮ ತಲೆಕೆಳಗಾಗಿದೆ. ಅಲ್ಲಿ ಎಲ್ಲವೂ ಅಲಂಕಾರವೇ. ದೋಷ ಗೊತ್ತಾಗುವುದು ದುಡ್ಡು ಕೊಟ್ಟು ಮನೆಗೆ ತಂದ ಮೇಲೆ.

ಅಲಂಕಾರವೆಂದು ನಾನು ಕರೆಯುವುದು ಯಾವುದನ್ನು? ಪ್ರೊಸೆಸರಿನ ವೇಗ, ನೆನಪಿನ ಜಿಬಿ, ಕ್ಯಾಮರಾದ ಮೆಗಾಪಿಕ್ಸೆಲ್, ನಾಲ್ಕು ಮೂಲೆಗೂ ಇಟ್ಟಿರುವ ಸ್ಪೀಕರು. ಇವು ಬೇಡವೆಂದಲ್ಲ. ಆದರೆ ಇವುಗಳಿಂದ ತೀರ್ಪನ್ನು ಆರಂಭಿಸಬಾರದು. ನಮ್ಮ ಹಾರಂಗಿ ಜಲಾಶಯದ ಸಾಮರ್ಥ್ಯ 8.5 ಟಿಎಂಸಿ ಅಡಿ. ಮಳೆಗಾಲದಲ್ಲಿ ಅಂಕಿ ಏರಿದಂತೆಲ್ಲ ಎಲ್ಲರಿಗೂ ಸಂತೋಷ. ಕಾಲುವೆಯ ಕೊನೆಯಲ್ಲಿ ಗದ್ದೆಯಿರುವ ರೈತ ಮಾತ್ರ ಬೇರೊಂದು ಪ್ರಶ್ನೆ ಕೇಳುತ್ತಾನೆ: ನನ್ನ ಬದುವಿಗೆ ನೀರು ಎಂದು ಬರುತ್ತದೆ? ಟ್ಯಾಬ್ಲೆಟ್ಟಿನ ಕನ್ನಡ ಓದುಗ ಆ ಕೊನೆಯ ಗದ್ದೆಯವನು. ಒಳಗಿನ ಸಂಗ್ರಹ ಎಷ್ಟೇ ಇರಲಿ, ಕನ್ನಡದ ಅಕ್ಷರ ಅವನ ಕಣ್ಣಿಗೆ ನೆಟ್ಟಗೆ ಬಂದು ಮುಟ್ಟಬೇಕು. ಈ ದೃಷ್ಟಿಯಿಂದ ನೋಡಿದಾಗ ನನಗೆ ನಾಲ್ಕು ದೋಷಗಳು ಮುಖ್ಯವಾಗಿ ಕಂಡಿವೆ.

ಮೊದಲನೆಯದು ಅಕ್ಷರದೋಷ. ನಮ್ಮ ಲಿಪಿ ಸಾಲಾಗಿ ಇಟ್ಟ ಮಣಿಗಳಂತೆ ಅಲ್ಲ. ಒತ್ತು ಕೆಳಗೆ ಇಳಿಯುತ್ತದೆ, ಅರ್ಕಾವತ್ತು ಉಚ್ಚಾರದಲ್ಲಿ ಮೊದಲಿದ್ದು ಬರವಣಿಗೆಯಲ್ಲಿ ಹಿಂದಕ್ಕೆ ಹೋಗುತ್ತದೆ. ಯಂತ್ರಕ್ಕೆ ಇದನ್ನು ಕಲಿಸಬೇಕು. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಗೊತ್ತುಮಾಡಿದ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ಸಿಕ್ಕಿತ್ತು. ಸ್ಥಾನ ಸಿಕ್ಕಿದ ಮಾತ್ರಕ್ಕೆ ಊಟ ಸಿಕ್ಕಲಿಲ್ಲ. ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ ಕನ್ನಡ ಸರಿಯಾಗಿ ಮೂಡತೊಡಗಿದ್ದು 2012ರ 4.1ನೆಯ ಆವೃತ್ತಿಯಿಂದ. ಅದಕ್ಕೆ ಒಂದು ವರ್ಷ ಮೊದಲು, 2011ರ ಅಕ್ಟೋಬರಿನಲ್ಲಿ, ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆಂದು ‘ಆಕಾಶ್’ ಎಂಬ ಟ್ಯಾಬ್ಲೆಟ್ಟನ್ನು ಬಹು ಸಂಭ್ರಮದಿಂದ ಹೊರತಂದಿತು. ಏಳು ಅಂಗುಲದ ಹಲಗೆ. ಸರ್ಕಾರಕ್ಕೆ ಬಿದ್ದ ಬೆಲೆ ಎರಡೂವರೆ ಸಾವಿರ ರೂಪಾಯಿಗೂ ಕಡಮೆ. ಬೆಲೆಯನ್ನು ಕುರಿತು ದೇಶವೆಲ್ಲ ಮಾತಾಡಿತು. ಅದರೊಳಗಿದ್ದುದು ಆಂಡ್ರಾಯ್ಡಿನ 2.2ನೆಯ ಆವೃತ್ತಿ; ಕನ್ನಡದ ಮಗುವಿಗೆ ಕನ್ನಡವನ್ನು ತೋರಿಸಲು ಅದಕ್ಕೆ ಬರುತ್ತಿರಲಿಲ್ಲ. ಅಗ್ಗವೆಂಬುದೂ ಒಂದು ಅಲಂಕಾರವೇ ಎಂದು ನಾನು ಹೇಳುವುದು ಇದಕ್ಕಾಗಿ.

ದುಬಾರಿಯಾದದ್ದು ಈ ದೋಷದಿಂದ ಪಾರಾಗಿತ್ತೆ? ಐಪ್ಯಾಡ್ ಪ್ರಕಟವಾದದ್ದು 2010ರ ಜನವರಿಯಲ್ಲಿ. ಅದರಲ್ಲಿ ಕನ್ನಡ ಬರೆಯುವ ಕೀಲಿಮಣೆಯನ್ನು ತಯಾರಕರು ತಾವಾಗಿ ಕೊಟ್ಟದ್ದು 2017ರ ಸೆಪ್ಟೆಂಬರಿನಲ್ಲಿ, ಐಓಎಸ್ 11ರೊಡನೆ. ನಮ್ಮ ಕುಶಾಲನಗರದಿಂದ ಕಾವೇರಿ ಸೇತುವೆ ದಾಟಿದರೆ ಬೈಲಕುಪ್ಪೆ. 1960ರ ದಶಕದ ಆರಂಭದಿಂದ ಟಿಬೆಟ್ಟಿನ ಜನ ಬಂದು ನೆಲಸಿರುವ ಊರು. ಅವರ ಲಿಪಿಯ ಕೀಲಿಮಣೆ ಅದೇ ಐಪ್ಯಾಡಿಗೆ 2010ರ ನವೆಂಬರಿನಲ್ಲಿಯೇ ಬಂದಿತ್ತು. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದವರು 4 ಕೋಟಿ 37 ಲಕ್ಷ. ಟಿಬೆಟ್ಟಿನವರ ಸಂಖ್ಯೆ ಇದಕ್ಕೆ ಹೋಲಿಸುವಷ್ಟಿಲ್ಲ. ತಲೆಯೆಣಿಕೆಯಿಂದಲೇ ಲಿಪಿಗೆ ಮರ್ಯಾದೆ ಬರುವುದಾಗಿದ್ದರೆ ಹೀಗಾಗುತ್ತಿರಲಿಲ್ಲ. ನೆರೆಯವರ ಭಾಗ್ಯಕ್ಕೆ ನಾನು ಕರುಬುತ್ತಿಲ್ಲ. ನಮ್ಮ ಸಂಖ್ಯೆಯನ್ನು ನೆಚ್ಚಿ ನಾವು ಸುಮ್ಮನೆ ಕೂತೆವೆಂದು ಮಾತ್ರ ಹೇಳುತ್ತೇನೆ.

ಇಂದು ಮಾರುಕಟ್ಟೆಗೆ ಬರುವ ಹೆಸರಾಂತ ಟ್ಯಾಬ್ಲೆಟ್ಟುಗಳಲ್ಲಿ ಈ ಮೊದಲ ದೋಷ ಬಹುಮಟ್ಟಿಗೆ ನೀಗಿದೆ. ಆದರೂ ಪರೀಕ್ಷಿಸದೆ ನಂಬಬೇಕಾಗಿಲ್ಲ. ವೈಶಿಷ್ಟ್ಯ, ಅರ್ಘ್ಯ, ಸ್ತ್ರೀತ್ವ, ಜ್ಯೋತ್ಸ್ನೆ ಎಂಬ ನಾಲ್ಕು ಪದಗಳನ್ನು ಅಂಗಡಿಯಲ್ಲಿಯೇ ಬರೆದು ನೋಡಿದರೆ ಸಾಕು. ಕೊಡಗಿನಲ್ಲಿ ಈ ಪರೀಕ್ಷೆಗೆ ಇನ್ನೊಂದು ಅರ್ಥವೂ ಇದೆ. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ 1924ರಲ್ಲಿ ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. ಅರೆಭಾಷೆಯ ಬರಹವೂ ಈ ಲಿಪಿಯಲ್ಲಿಯೇ ನಡೆಯುತ್ತಿದೆ. ಕನ್ನಡದ ಅಕ್ಷರ ಮುರಿದರೆ ಇಲ್ಲಿ ಮುರಿಯುವುದು ಒಂದೇ ಭಾಷೆಯಲ್ಲ.

ಎರಡನೆಯದು ಅಳತೆಯ ದೋಷ. ಇದು ಮೊದಲಿನದಕ್ಕಿಂತ ಗುಪ್ತವಾದದ್ದು, ಇಂದಿಗೂ ಇರುವಂಥದ್ದು. ನಮ್ಮ ಹುಡುಗಿ ಓದಬೇಕಾದ ಪುಸ್ತಕಗಳಲ್ಲಿ ಅನೇಕವು ಅಚ್ಚಿನಲ್ಲಿಲ್ಲ. ಅವು ಉಳಿದಿರುವುದು ಗ್ರಂಥಾಲಯಗಳ ಪ್ರತಿಗಳನ್ನು ಪುಟಪುಟವಾಗಿ ಸ್ಕ್ಯಾನು ಮಾಡಿಟ್ಟ ಪಿಡಿಎಫ್ ರೂಪದಲ್ಲಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯ ಮೊದಲಾದ ಯೋಜನೆಗಳಿಂದ ಇಂಥ ಸಾವಿರಾರು ಕನ್ನಡ ಪುಸ್ತಕಗಳು ಕೈಗೆ ಸಿಕ್ಕುವಂತಾಗಿವೆ. ಇವು ಪುಟದ ಚಿತ್ರಗಳು. ಅಕ್ಷರವನ್ನು ಹಿಗ್ಗಿಸಿ ಸಾಲನ್ನು ಮತ್ತೆ ಜೋಡಿಸಿಕೊಳ್ಳುವ ಸೌಕರ್ಯ ಇಲ್ಲಿಲ್ಲ. ಪುಟ ಎಷ್ಟು ದೊಡ್ಡದೋ ಹಲಗೆಯೂ ಅಷ್ಟು ದೊಡ್ಡದಿರಬೇಕು, ಇಲ್ಲವೇ ಅಕ್ಷರ ಕುಗ್ಗಬೇಕು.

ಲೆಕ್ಕ ಹಾಕಿ ನೋಡೋಣ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ 1/8 ಡೆಮಿ ಆಕಾರದ ಪುಟ ಸುಮಾರು 5.5 ಅಂಗುಲ ಅಗಲ, 8.5 ಅಂಗುಲ ಎತ್ತರ. ಅಂಗಡಿಯವರು ಹೇಳುವ ಅಂಗುಲವಾದರೋ ಮೂಲೆಯಿಂದ ಮೂಲೆಗೆ ಎಳೆದ ಕರ್ಣದ ಅಳತೆ. ಆರೂವರೆ ಅಂಗುಲದ ಉದ್ದನೆಯ ಫೋನಿನ ಅಗಲ ಮೂರು ಅಂಗುಲವೂ ಇರುವುದಿಲ್ಲ. ಡೆಮಿ ಪುಟ ಅದರಲ್ಲಿ ಅರ್ಧಕ್ಕಿಂತ ಕಡಮೆಯಾಗಿ ಕುಗ್ಗುತ್ತದೆ. ಆರು ಅಂಗುಲದ ಕಿಂಡಲ್ಲಿನಂಥ ಓದುಹಲಗೆಯಲ್ಲಿ ನೂರಕ್ಕೆ 56ರಷ್ಟು. ಎಂಟು ಅಂಗುಲದ ಟ್ಯಾಬ್ಲೆಟ್ಟಿನಲ್ಲಿ ಮುಕ್ಕಾಲು ಪಾಲು. ಹತ್ತು ಅಂಗುಲದ್ದರಲ್ಲಿ ಹೆಚ್ಚುಕಡಮೆ ಪೂರ್ತಿ. ಅಂದರೆ 12 ಪಾಯಿಂಟಿನಲ್ಲಿ ಅಚ್ಚಾದ ಅಕ್ಷರ ಫೋನಿನಲ್ಲಿ ಆರಕ್ಕೂ ಕಡಮೆ ಪಾಯಿಂಟಾಗುತ್ತದೆ. ಅದರ ಕೆಳಗಿನ ಒತ್ತಕ್ಷರ ಇನ್ನೂ ಅರ್ಧ. ಷ್ಟ ಯಾವುದು, ಷ್ಠ ಯಾವುದು ಎಂದು ತಿಳಿಯದೆ ಓದುವುದು ಓದಲ್ಲ, ಊಹೆ. ಹಳಗನ್ನಡದ ಪಾಠಾಂತರವನ್ನು ಊಹೆಯ ಮೇಲೆ ಓದಿದ ವಿದ್ಯಾರ್ಥಿನಿ ಪರೀಕ್ಷೆಯಲ್ಲಿ ಏನು ಬರೆಯಬೇಕು?

ಎಂಟಕ್ಕೂ ಹತ್ತಕ್ಕೂ ಇರುವ ಅಂತರ ಎರಡೇ ಅಂಗುಲವೆಂದು ಕಾಣುವುದು ಕರ್ಣದ ಮಾಯೆ. ಒಂದೇ ಆಕಾರದ 8 ಅಂಗುಲದ ಮತ್ತು 10.1 ಅಂಗುಲದ ಹಲಗೆಗಳನ್ನು ಪಕ್ಕದಲ್ಲಿಟ್ಟರೆ, ಓದುವ ಜಾಗ ಎರಡನೆಯದರಲ್ಲಿ ಒಂದೂವರೆ ಪಟ್ಟನ್ನೂ ಮೀರುತ್ತದೆ. ಇನ್ನು ಬಿ. ಎಲ್. ರೈಸ್ ಅವರು 1886ರಲ್ಲಿ ಪ್ರಕಟಿಸಿದ, ಎಪಿಗ್ರಾಫಿಯ ಕರ್ನಾಟಿಕ ಮಾಲೆಯ ಮೊದಲ ಸಂಪುಟವಾದ ಕೊಡಗಿನ ಶಾಸನಗಳ ಸಂಗ್ರಹವನ್ನು ತೆರೆದರೆ, ಅದರ ಪುಟ ಡೆಮಿಗಿಂತಲೂ ದೊಡ್ಡದು. ತನ್ನ ಜಿಲ್ಲೆಯ ಶಾಸನವನ್ನು ತಾನೇ ಓದಬಯಸುವವರಿಗೆ ಚಿಕ್ಕ ಹಲಗೆ ಒದಗಲಾರದು.

ಮೂರನೆಯದು ಹುಡುಕುವಿಕೆಯ ದೋಷ. ಇದರಲ್ಲಿ ಟ್ಯಾಬ್ಲೆಟ್ಟಿನ ತಪ್ಪು ಕಡಮೆ, ನಮ್ಮದೇ ಹೆಚ್ಚು. ಯೂನಿಕೋಡು ರೂಢಿಗೆ ಬರುವ ಮೊದಲು ನಾವು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ ಪುಸ್ತಕ ಜೋಡಿಸುತ್ತಿದ್ದೆವು. ಅಂದಿಗೆ ಅದು ಉಪಕಾರವೇ. ಆದರೆ ಅಂಥ ಕಡತದಲ್ಲಿ ಕಣ್ಣಿಗೆ ಕನ್ನಡ ಕಂಡರೂ ಯಂತ್ರಕ್ಕೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಒಂದು ಪದವನ್ನು ಹುಡುಕಿ ಕೊಡೆಂದರೆ ಅದು ಇಲ್ಲವೆನ್ನುತ್ತದೆ. ಯೂನಿಕೋಡಿನಲ್ಲಿರುವ ಪಠ್ಯಕ್ಕೆ ಈ ಕುರುಡಿಲ್ಲ. ವಿ. ಕೃಷ್ಣ ಅವರ ‘ಅಲರ್’ ಎಂಬ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ದೊರೆಯಿತು. ಲಕ್ಷಕ್ಕೂ ಮಿಕ್ಕ ಪದಗಳಿರುವ ಅದರಲ್ಲಿ ಬೇಕಾದ ಪದ ಕ್ಷಣದಲ್ಲಿ ಸಿಕ್ಕುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟ, ಒಂಬತ್ತು ಸಾವಿರಕ್ಕೂ ಹೆಚ್ಚು ಪುಟ. ಅದನ್ನು ಹೆಗಲಿಗೇರಿಸಿಕೊಂಡು ಬಸ್ಸು ಹತ್ತುವವರು ಯಾರು? ಟ್ಯಾಬ್ಲೆಟ್ಟು ನಿಜವಾಗಿ ಹೊರೆ ಇಳಿಸುವುದು ಇಂಥಲ್ಲಿ. ಆದುದರಿಂದ ಕೊಳ್ಳುವ ಮುನ್ನ ಅದರಲ್ಲಿ ಕನ್ನಡವನ್ನು ಓದಿದರೆ ಸಾಲದು. ಬರೆದು, ಹುಡುಕಿ ನೋಡಬೇಕು.

ನಾಲ್ಕನೆಯದು ದೇಶಕಾಲದ ದೋಷ. ಕಾವ್ಯದಲ್ಲಿ ಮರುಭೂಮಿಯಲ್ಲಿ ತಾವರೆ ಅರಳಿಸಿದರೆ ದೋಷ; ಕೊಡಗಿನ ಕಕ್ಕಡ ತಿಂಗಳಿಗೆ ಬೆಂಗಳೂರಿನ ಕೋಣೆಯಲ್ಲಿ ಕುಳಿತು ಟ್ಯಾಬ್ಲೆಟ್ಟನ್ನು ಆರಿಸಿ ಕೊಡುವುದೂ ಅಂಥದೇ. ಇಲ್ಲಿ ಗಾಳಿಮಳೆ ಹಿಡಿದರೆ ಮರ ಬಿದ್ದು ಕರೆಂಟು ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಪುಸ್ತಕವನ್ನು ತನ್ನೊಳಗೆ ಇಳಿಸಿಟ್ಟುಕೊಳ್ಳದೆ ಪ್ರತಿ ಪುಟಕ್ಕೂ ದೂರದ ಕಂಪ್ಯೂಟರನ್ನು ಕೇಳುವ ಏರ್ಪಾಡು ಇಲ್ಲಿ ನಿಲ್ಲದು. ಮಳೆ ಬಿಟ್ಟ ದಿನಗಳಲ್ಲಿ ಇನ್ನೊಂದು ಪರೀಕ್ಷೆ: ಜಗಲಿಯ ಬೆಳಕಿನಲ್ಲಿ ಕುಳಿತರೆ ಹೊಳಪಿನ ಗಾಜು ಕನ್ನಡಿಯಾಗಿ ನಮ್ಮ ಮುಖವನ್ನೇ ತೋರಿಸುತ್ತದೆ. ಹಲಗೆಯನ್ನು ಅಂಗಡಿಯ ಬಾಗಿಲಾಚೆ ತಂದು ನೋಡಲು ಸಂಕೋಚಪಡಬಾರದು. ಕೆಟ್ಟರೆ ಎಲ್ಲಿಗೆ ಒಯ್ಯಬೇಕು, ತಯಾರಕರು ಎಷ್ಟು ವರ್ಷ ಹೊಸ ಆವೃತ್ತಿಗಳನ್ನು ಕಳಿಸುತ್ತಾರೆ ಎಂಬುದೂ ಈ ಲೆಕ್ಕಕ್ಕೇ ಸೇರಿದ್ದು. ಒಂದೇ ಸಲ ಕೊಳ್ಳುವವರಿಗೆ ಐದನೆಯ ವರ್ಷವೂ ಮೊದಲ ದಿನದಷ್ಟೇ ಮುಖ್ಯ.

ಇಷ್ಟೆಲ್ಲ ಯಾಕೆ, ಅಚ್ಚಿನ ಪುಸ್ತಕವನ್ನೇ ಓದಲಿ ಎನ್ನುವ ಹಿರಿಯರಿದ್ದಾರೆ. ಅವರ ಪುಸ್ತಕಪ್ರೇಮ ನನಗೂ ಇದೆ. ಆದರೆ ಕೊಡಗಿನಲ್ಲಿ ಪುಸ್ತಕ ಸಾಕಿದವರಿಗೆ ಮಳೆಗಾಲದ ಬೂಷ್ಟು ಏನೆಂಬುದು ಗೊತ್ತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು, ಹೊಳೆಗಳು ಉಕ್ಕಿ, ಮನೆಗಳೇ ಹೋದಾಗ ಮನೆಯೊಳಗಿನ ಪುಸ್ತಕವನ್ನು ಕೇಳುವವರಾರು? ಓಲೆಗರಿ, ಕಡತ, ಸ್ಲೇಟು, ಕಾಗದ ಎಂದು ನಮ್ಮ ಅಕ್ಷರ ಎಷ್ಟೋ ಹಲಗೆಗಳನ್ನು ಬದಲಾಯಿಸಿದೆ. ಹೊಸ ಹಲಗೆಯಿಂದ ಅಕ್ಷರಕ್ಕೆ ಅಪಾಯವಿಲ್ಲ. ಕನ್ನಡಕ್ಕೆ ಸ್ಥಳವಿಡದ ಹಲಗೆಯನ್ನು ಕಣ್ಣು ಮುಚ್ಚಿ ಒಪ್ಪಿಕೊಳ್ಳುವುದರಿಂದ ಅಪಾಯವಿದೆ.

ಈ ಸ್ಥಳವನ್ನು ಮೊದಲೇ ಇಟ್ಟು ಯಂತ್ರ ಮಾಡಿದವರೂ ನಮ್ಮಲ್ಲಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಎನ್‌ಕೋರ್ ಸಂಸ್ಥೆಯೊಡನೆ ಕೂಡಿ 2001ರಲ್ಲಿ ‘ಸಿಂಪ್ಯೂಟರ್’ ಎಂಬ ಅಂಗೈ ಕಂಪ್ಯೂಟರನ್ನು ತೋರಿಸಿದರು. ಐಪ್ಯಾಡಿಗೆ ಒಂಬತ್ತು ವರ್ಷ ಮೊದಲು. ಓದುಬಾರದ ಬಡವನಿಗೆ ಅವನ ಭಾಷೆಯಲ್ಲಿಯೇ ಯಂತ್ರ ಓದಿ ಹೇಳಬೇಕೆಂಬುದು ಅದರ ಸಂಕಲ್ಪ. 2004ರಲ್ಲಿ ಅದು ಮಾರುಕಟ್ಟೆಗೂ ಬಂದಿತು, ಹೆಚ್ಚು ಕಾಲ ನಿಲ್ಲಲಿಲ್ಲ. ಭಾಷೆಯ ಗುಣವೊಂದೇ ಯಂತ್ರವನ್ನು ಉಳಿಸದು ಎಂಬುದಕ್ಕೆ ಅದೂ ಸಾಕ್ಷಿ. ಆದರೆ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಮೊದಲೇ ಕೇಳಿದವರು ಅವರು.

ಇನ್ನು ತೀರ್ಪು. ಕಿಂಡಲ್ ಜಾತಿಯ ಹಲಗೆ ಕಣ್ಣಿಗೆ ಹಿತ; ಬಿಸಿಲಿನಲ್ಲಿಯೂ ಕಾಗದದಂತೆ ಕಾಣುತ್ತದೆ; ಒಮ್ಮೆ ಚಾರ್ಜು ಮಾಡಿದರೆ ವಾರಗಟ್ಟಲೆ ಬರುತ್ತದೆ. ದೇಶಕಾಲದ ದೋಷ ಅದಕ್ಕೆ ಎಲ್ಲಕ್ಕಿಂತ ಕಡಮೆ. ಆದರೆ 2016ರ ಡಿಸೆಂಬರಿನಲ್ಲಿ ಅದರ ಪುಸ್ತಕದಂಗಡಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಎಂಬ ಐದು ಭಾಷೆಗಳಿಗೆ ಬಾಗಿಲು ತೆರೆದಾಗ ಕನ್ನಡ ಹೊರಗೆ ನಿಂತಿತ್ತು. ಸ್ಕ್ಯಾನು ಮಾಡಿದ ಹಳೆಯ ಪುಟಕ್ಕೆ ಅದರ ಚಿಕ್ಕ ಆಕಾರವೂ ಸಾಲದು, ಹಳದಿಗಟ್ಟಿದ ಕಾಗದ ಅದರಲ್ಲಿ ಬೂದಿಯ ಬಣ್ಣ ತಾಳುತ್ತದೆ. ಇಂಗ್ಲಿಷ್ ಕಾದಂಬರಿಗಳನ್ನು ಓದುವ ನನ್ನ ಸಹೋದ್ಯೋಗಿಗಳಿಗೆ ಅದನ್ನು ಸಂತೋಷದಿಂದ ಹೇಳಿಯೇನು. ನಮ್ಮ ಹುಡುಗಿಗೆ ಹೇಳಲಾರೆ.

ಐಪ್ಯಾಡಿನ ಪುಟ ಅಗಲವಾದದ್ದು, ಅಕ್ಷರ ನುಣುಪು, ಬಾಳಿಕೆ ದೀರ್ಘ. ಹಣದ ಚಿಂತೆಯಿಲ್ಲದವರು ಅದನ್ನು ಕೊಂಡರೆ ಕೆಡುವುದಿಲ್ಲ. ಆದರೆ ಅದಕ್ಕೆ ಕೊಡುವ ಹೆಚ್ಚಿನ ಹಣದಲ್ಲಿ ದೊಡ್ಡ ಪಾಲು ಹೋಗುವುದು ಚಿತ್ರ ಬಿಡಿಸುವುದು, ಚಲಚ್ಚಿತ್ರ ಜೋಡಿಸುವುದು ಮೊದಲಾದ ಸಾಮರ್ಥ್ಯಗಳಿಗೆ. ಕನ್ನಡದ ಪುಟ ಓದಲು ಅವು ಬೇಕಾಗಿಲ್ಲ. ಆಂಡ್ರಾಯ್ಡ್ ಗುಂಪಿನಲ್ಲಿ ಸ್ಯಾಮ್‌ಸಂಗ್, ಲೆನೊವೊ ಮೊದಲಾದವರ ಹತ್ತು-ಹನ್ನೊಂದು ಅಂಗುಲದ ನಡುವಣ ಬೆಲೆಯ ಹಲಗೆಗಳಿವೆ. ಡೆಮಿ ಪುಟ ಅವುಗಳಲ್ಲಿ ಹೆಚ್ಚುಕಡಮೆ ಪೂರ್ತಿಯಾಗಿ ಕೂಡುತ್ತದೆ, ಕನ್ನಡ ಬರೆಯಲು ಒಂದಕ್ಕಿಂತ ಹೆಚ್ಚು ಕೀಲಿಮಣೆಗಳಿವೆ. ಅದೇ ಗುಂಪಿನ ಎಂಟು ಅಂಗುಲದ್ದು ಇನ್ನೂ ಅಗ್ಗ; ಆ ಉಳಿತಾಯ ಕಣ್ಣಿನ ಖರ್ಚಿನಲ್ಲಿ ಆಗುವಂಥದ್ದು. ಹೆಸರು ಯಾವುದಾದರೂ ಆಗಲಿ, ಹತ್ತು ಅಂಗುಲಕ್ಕೆ ಕಡಮೆಯಿಲ್ಲದ, ಮೇಲೆ ಹೇಳಿದ ನಾಲ್ಕು ಪರೀಕ್ಷೆಗಳಲ್ಲಿ ಗೆದ್ದ ಆಂಡ್ರಾಯ್ಡ್ ಹಲಗೆಯನ್ನು ಕೊಳ್ಳಲು ನಾನು ಅವಳಿಗೆ ಹೇಳಿದ್ದೇನೆ. “ಉಳಿದ ದುಡ್ಡಿಗೆ ಏನು ಮಾಡಲಿ ಸಾರ್?” ಎಂದಳು. ಒಂದು ಗಟ್ಟಿ ಚೀಲ ಮತ್ತು ಹಳಗನ್ನಡದ ವ್ಯಾಕರಣವೊಂದು ಎಂದೆ.

2021ರ ಜೂನಿನಲ್ಲಿ ನಮ್ಮ ರಾಜ್ಯ ಸರ್ಕಾರ ಸುಮಾರು 1 ಲಕ್ಷ 55 ಸಾವಿರ ಕಾಲೇಜು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ಟುಗಳನ್ನು ಉಚಿತವಾಗಿ ಹಂಚುವ ಕೆಲಸ ಕೈಗೊಂಡಿತು. ಒಳ್ಳೆಯ ಕೆಲಸ. ಕೊಟ್ಟದ್ದನ್ನು ಪಡೆದವರಿಗೆ ಆರಿಸುವ ಕಷ್ಟವಿಲ್ಲ. ಆದರೆ ಆ ಹಲಗೆಗಳ ಮೇಲೆ ಇಡಲು ಕನ್ನಡದಲ್ಲಿ ಏನಿದೆ ಎಂಬ ಪ್ರಶ್ನೆ ಸರ್ಕಾರದ್ದಷ್ಟೇ ಅಲ್ಲ, ನಮ್ಮ ಪ್ರಕಾಶಕರದೂ ವಿಶ್ವವಿದ್ಯಾನಿಲಯಗಳದೂ ಹೌದು. ಹಳೆಯ ಫಾಂಟಿನಲ್ಲಿ ಜೋಡಿಸಿ ಕಪಾಟಿನಲ್ಲಿಟ್ಟಿರುವ ಪುಸ್ತಕಗಳನ್ನು ಯೂನಿಕೋಡಿಗೆ ತಿರುಗಿಸಿ ಕೊಟ್ಟರೆ, ನಾನು ಮೇಲೆ ಹೇಳಿದ ಅಳತೆಯ ದೋಷವೇ ಅರ್ಧ ಇಲ್ಲವಾಗುತ್ತದೆ. ಚಿಕ್ಕ ಹಲಗೆಯವನೂ ಅಕ್ಷರವನ್ನು ಹಿಗ್ಗಿಸಿಕೊಂಡು ಓದಿಯಾನು. ಅಷ್ಟು ದಿನ ನಮ್ಮ ಮಕ್ಕಳು ಪುಟದ ಚಿತ್ರಕ್ಕಾಗಿ ದೊಡ್ಡ ಹಲಗೆಯ ಬೆಲೆ ತೆರುತ್ತಲೇ ಇರಬೇಕು.

ನಾನು ನೋಡಿದ ಅಂಗಡಿಗಳಲ್ಲಿ ಗಿರಾಕಿಗಳಿಗೆಂದು ತೆರೆದಿಟ್ಟ ಟ್ಯಾಬ್ಲೆಟ್ಟುಗಳಲ್ಲೆಲ್ಲ ಸಮುದ್ರ, ಹೂವು, ಓಡುವ ಕಾರು ಇದ್ದುವು. ಕನ್ನಡದ ಪುಟ ಒಂದರಲ್ಲಿಯೂ ಇರಲಿಲ್ಲ. ಕೊಳ್ಳಲು ಹೋಗುವ ವಾಚಕರು ಆ ಸಮುದ್ರವನ್ನು ಪಕ್ಕಕ್ಕೆ ಸರಿಸಿ, ಕನ್ನಡದ ಒಂದು ಪುಟವನ್ನು ತೆರೆದು ತೋರಿಸುವಂತೆ ಕೇಳಬೇಕು. ಹತ್ತು ಮಂದಿ ಕೇಳಿದರೆ ಹನ್ನೊಂದನೆಯವರು ಹೋಗುವ ಹೊತ್ತಿಗೆ ಅಂಗಡಿಯವನು ತಾನೇ ತೆರೆದಿಟ್ಟಿರುತ್ತಾನೆ.